ಸೂತ್ರವೋ ಕಣ್ಣಳತೆಯೋ: ಪೂಲ್‌ನಲ್ಲಿ ಗುರಿ ಹಿಡಿಯುವ ಬಗೆ

ಚೆಂಡು ಪಾಕೆಟ್ ತಪ್ಪಿದಾಗ ಹೆಚ್ಚಿನವರು ದೂರುವುದು ಗುರಿಯನ್ನು. ಹೊಸದೊಂದು ಸೂತ್ರ ಹುಡುಕಿ ವಾರ ಹದಿನೈದು ದಿನ ಆಡುತ್ತಾರೆ. ಮತ್ತೆ ತಪ್ಪತೊಡಗಿತು ಅಂದರೆ ‘ಲೆಕ್ಕಾಚಾರವೇ ಬೇಡ, ಕಣ್ಣಳತೆಯಲ್ಲಿ ಆಡೋಣ’ ಎಂದು ಅದನ್ನು ಕೈಬಿಡುತ್ತಾರೆ. ಸೂತ್ರವೂ ಬೇಕು, ಕಣ್ಣಳತೆಯೂ ಬೇಕು, ಆದರೆ ಎರಡೂ ಒಂದೇ ಹೊತ್ತಿನಲ್ಲಿ ಬೇಡ. ನಿಂತು ನೋಡುವಾಗ ಸೂತ್ರ ಕೆಲಸ ಮಾಡಲಿ, ಬಾಗಿದ ಮೇಲೆ ಕಣ್ಣಳತೆ. ಬಾಗಿದ ಮೇಲೆ ಲೆಕ್ಕ ಹಾಕುವವರೂ ನಿಂತಾಗ ಸುಮ್ಮನೆ ಅಂದಾಜಿನಲ್ಲಿ ಬಾಗುವವರೂ ಒಂದೇ ಥರ ತಪ್ಪುತ್ತಾರೆ.

ಮುಂದಿನ ಲೆಕ್ಕಗಳೆಲ್ಲ 57.15 ಮಿ.ಮೀ. ವ್ಯಾಸದ (ಎರಡೂಕಾಲು ಇಂಚು) ಪೂಲ್ ಚೆಂಡಿಗೆ ಮತ್ತು 114 ಮಿ.ಮೀ. (ನಾಲ್ಕೂವರೆ ಇಂಚು) ಬಾಯಿಯ ಮೂಲೆ ಪಾಕೆಟ್ಟಿಗೆ ಹೊಂದುತ್ತವೆ. ಕ್ಯೂ ಬಾಲನ್ನು, ಅಂದರೆ ಕ್ಯೂ ಎಂಬ ಕೋಲಿನಿಂದ ಹೊಡೆಯುವ ಚೆಂಡನ್ನು, ಬಿಳಿ ಚೆಂಡು ಎಂದೂ ಪಾಕೆಟ್ಟಿಗೆ ಹಾಕಬೇಕಾದ್ದನ್ನು ಬಣ್ಣದ ಚೆಂಡು ಎಂದೂ ಕರೆದಿದ್ದೇವೆ.

ಮೊದಲು ಸ್ಟ್ರೋಕ್ ನೋಡಿಕೊಳ್ಳಿ

ಗುರಿಯ ಮಾತು ಎತ್ತುವ ಮುಂಚೆ ನೇರ ಹೊಡೆತ ಪರೀಕ್ಷಿಸಿ. ಪಾಕೆಟ್ಟಿನಿಂದ 60 ಸೆಂ.ಮೀ. ದೂರದಲ್ಲಿ ಬಣ್ಣದ ಚೆಂಡು, ಅದರ ಹಿಂದೆ ಅದೇ ಗೆರೆಯಲ್ಲಿ ಇನ್ನೊಂದು 60 ಸೆಂ.ಮೀ. ಬಿಟ್ಟು ಬಿಳಿ ಚೆಂಡು ಇಡಿ. ಚೆಂಡುಗಳ ಜಾಗದಲ್ಲಿ ಫೈಲ್ ಹಾಳೆಯ ತೂತಿಗೆ ಅಂಟಿಸುವ ಸಣ್ಣ ಕಾಗದದ ಉಂಗುರ ಅಂಟಿಸಿಕೊಂಡರೆ ಪ್ರತಿ ಸಲವೂ ಅದೇ ಜಾಗಕ್ಕೆ ಇಡಬಹುದು. ಬಿಳಿ ಚೆಂಡು ತಗುಲಿದ ಜಾಗದಲ್ಲೇ ನಿಲ್ಲುವಂತೆ ಹತ್ತು ಸಲ ಹೊಡೆಯಿರಿ. ತಪ್ಪಿದ್ದು ಎಷ್ಟು ಎನ್ನುವುದಕ್ಕಿಂತ ಯಾವ ಕಡೆಗೆ ಎನ್ನುವುದನ್ನು ಗುರುತು ಹಾಕಿಕೊಳ್ಳಿ. ಎಲ್ಲವೂ ಒಂದೇ ಕಡೆಗೆ ತಪ್ಪಿದ್ದರೆ ನಿಲುವಿನಲ್ಲೋ ತಲೆ ಇಡುವ ಜಾಗದಲ್ಲೋ ದೋಷವಿದೆ. ಎರಡೂ ಕಡೆಗೆ ಚದುರಿದ್ದರೆ ಸ್ಟ್ರೋಕ್, ಅಂದರೆ ಕ್ಯೂ ಬೀಸುವ ಚಲನೆ, ಅಲುಗುತ್ತಿದೆ, ಅದನ್ನು ಯಾವ ಗುರಿ ಸೂತ್ರವೂ ಸರಿಮಾಡಲಾರದು.

ಸ್ಟ್ರೋಕ್ ಅಲುಗುತ್ತಿದೆಯೇ ಎಂದು ಕಣ್ಣಾರೆ ನೋಡಲು ಬಿಳಿ ಚೆಂಡಿನ ಬದಲು ಪಟ್ಟೆಯ ಚೆಂಡೊಂದನ್ನು ಇಡಿ. ಪಟ್ಟೆ ಲಂಬವಾಗಿದ್ದು ಹೊಡೆತದ ಗೆರೆಯ ಉದ್ದಕ್ಕೂ ಹೊಂದಿಕೊಂಡಿರಬೇಕು. ಟಿಪ್‌ಗೆ (ಕ್ಯೂವಿನ ತುದಿಗೆ) ಚಾಕ್ ಚೆನ್ನಾಗಿ ಹಚ್ಚಿ, ಪಟ್ಟೆಯ ನಟ್ಟನಡುವಿಗೆ ಹೊಡೆಯಿರಿ. ಚೆಂಡು ಉರುಳುವಾಗ ಪಟ್ಟೆ ಓಲಾಡಿದರೆ ನಿಮಗೆ ಗೊತ್ತಿಲ್ಲದಂತೆ ಸೈಡ್ ಸ್ಪಿನ್ (ನಡು ಬಿಟ್ಟು ಪಕ್ಕಕ್ಕೆ ಹೊಡೆದಾಗ ಬರುವ ತಿರುಗು) ಕೊಟ್ಟಿದ್ದೀರಿ. ಚೆಂಡನ್ನು ಎತ್ತಿ ನೋಡಿ: ನೀಲಿ ಚಾಕಿನ ಚುಕ್ಕೆ ಪಟ್ಟೆಯ ನಡುವಿನಿಂದ ಎಷ್ಟು ಸರಿದಿದೆ ಎಂಬುದು ಅಲ್ಲೇ ಕಾಣುತ್ತದೆ. ನಡುವಿಗೇ ಹೊಡೆದೆ ಎಂದು ನಂಬಿದ್ದವರ ಚುಕ್ಕೆ ನಾಲ್ಕೈದು ಮಿ.ಮೀ. ಪಕ್ಕಕ್ಕೆ ಬಿದ್ದಿರುವುದು ಅಪರೂಪವಲ್ಲ.

ತಲೆಯ ಜಾಗ ಹುಡುಕುವುದೂ ಈ ನೇರ ಹೊಡೆತದಲ್ಲೇ. ಕ್ಯೂವನ್ನು ಸರಿಯಾದ ಗೆರೆಯ ಮೇಲಿಟ್ಟು ಬಾಗಿ, ತಲೆಯನ್ನು ನಿಧಾನ ಎಡಕ್ಕೂ ಬಲಕ್ಕೂ ಸರಿಸಿ. ಒಂದು ಜಾಗದಲ್ಲಿ ಮಾತ್ರ ಕ್ಯೂ, ಎರಡು ಚೆಂಡು, ಪಾಕೆಟ್ ನಾಲ್ಕೂ ಒಂದೇ ಗೆರೆಯಾಗಿ ಕಾಣುತ್ತವೆ. ಕೆಲವರಿಗೆ ಅದು ಗದ್ದದ ನೇರಕ್ಕೆ ಬರುತ್ತದೆ, ಕೆಲವರಿಗೆ ಒಂದು ಕಣ್ಣಿನ ಕೆಳಗೆ. ಎಲ್ಲಿ ಬಂದರೂ ಸರಿ, ಆದರೆ ಪ್ರತಿ ಹೊಡೆತದಲ್ಲೂ ತಲೆ ಅಲ್ಲೇ ಇರಬೇಕು. ತಲೆ ಜಾಗ ಬದಲಿಸುತ್ತಿದ್ದರೆ ಕಣ್ಣಳತೆ ಬೆಳೆಯುವುದೇ ಇಲ್ಲ, ಯಾಕೆಂದರೆ ಒಂದೇ ಗೆರೆ ದಿನಕ್ಕೊಂದು ಥರ ಕಾಣುತ್ತದೆ.

ಎಷ್ಟು ತಪ್ಪಿದರೆ ನಡೆಯುತ್ತದೆ

114 ಮಿ.ಮೀ. ಬಾಯಿಯೊಳಗೆ 57 ಮಿ.ಮೀ. ಚೆಂಡು ಹೋಗಬೇಕು. ಎರಡೂ ಕಡೆ ಉಳಿಯುವುದು ತಲಾ 28.6 ಮಿ.ಮೀ. ಪಾಕೆಟ್ ನೇರ ಎದುರಿಗಿದ್ದು ಬಣ್ಣದ ಚೆಂಡು 1 ಮೀಟರ್ ದೂರದಲ್ಲಿದ್ದರೆ, ಅದರ ದಿಕ್ಕು ಎಡಕ್ಕೋ ಬಲಕ್ಕೋ 1.6 ಡಿಗ್ರಿಯವರೆಗೆ ತಪ್ಪಬಹುದು. ಇದು ಸಾಕಷ್ಟು ದೊಡ್ಡ ಅವಕಾಶ ಅನ್ನಿಸುತ್ತದೆ. ಆದರೆ ಬಣ್ಣದ ಚೆಂಡಿನ ದಿಕ್ಕು 1.6 ಡಿಗ್ರಿ ತಿರುಗಲು ಬಿಳಿ ಚೆಂಡು ತಗುಲುವ ಜಾಗ ಬರೀ 1.6 ಮಿ.ಮೀ. ಸರಿದರೆ ಸಾಕು. ಬಿಳಿ ಚೆಂಡೂ 1 ಮೀಟರ್ ಹಿಂದಿದ್ದರೆ ಕ್ಯೂವಿನ ದಿಕ್ಕಿನಲ್ಲಿ ನಿಮಗೆ ಉಳಿಯುವ ಅವಕಾಶ ಡಿಗ್ರಿಯ ಹತ್ತನೇ ಒಂದು ಭಾಗ. 25 ಸೆಂ.ಮೀ. ಬ್ರಿಡ್ಜ್ (ಕ್ಯೂಗೆ ಆಸರೆ ಕೊಡುವ ಕೈಯಿಂದ ಬಿಳಿ ಚೆಂಡಿನವರೆಗಿನ ಅಂತರ) ಇಟ್ಟವರ ಟಿಪ್‌ನಲ್ಲಿ ಅದು ಅರ್ಧ ಮಿ.ಮೀ.ಗಿಂತ ಕಡಿಮೆ. ಇದೂ ನೇರ ಹೊಡೆತದ ಲೆಕ್ಕ. ಬಣ್ಣದ ಚೆಂಡನ್ನು ಓರೆಯಾಗಿ ಕಳಿಸುವ ಹೊಡೆತವೇ ಕಟ್; ಬಿಳಿ ಚೆಂಡು ಅದನ್ನು ಎಷ್ಟು ಭಾಗ ಮುಚ್ಚಿ ತಗುಲುತ್ತದೆ ಎನ್ನುವುದರ ಮೇಲೆ ಅರ್ಧ ಚೆಂಡಿನದು, ಕಾಲು ಚೆಂಡಿನದು ಎನ್ನುತ್ತಾರೆ. ಅರ್ಧ ಚೆಂಡಿನ ಕಟ್‌ನಲ್ಲಿ ತಪ್ಪು ಇನ್ನೂ ಶೇ. 15ರಷ್ಟು ಹಿಗ್ಗುತ್ತದೆ, ಕಾಲು ಚೆಂಡಿನ ಕಟ್‌ನಲ್ಲಿ ಒಂದೂವರೆ ಪಟ್ಟು.

ಕಲ್ಪಿಸಿಕೊಂಡ ಚುಕ್ಕೆ, ಗೆರೆಗಳನ್ನು ಅರ್ಧ ಮಿ.ಮೀ. ನಿಖರತೆಯಲ್ಲಿ ಬೇಕೆಂದೇ ಹಿಡಿದಿಡಲು ಆಗುವುದಿಲ್ಲ. ಆ ಕೊನೆಯ ಹೊಂದಾಣಿಕೆ ಮಾಡುವುದು ಸಾವಿರಾರು ಹೊಡೆತ ಕಂಡು ಪಳಗಿದ ಕಣ್ಣು. ಸೂತ್ರ ನಿಮ್ಮನ್ನು ಆ ಗೆರೆಯ ಹತ್ತಿರಕ್ಕೆ ತಂದು ಬಿಡುತ್ತದೆ, ಅದೂ ಪ್ರತಿ ಸಲ ಒಂದೇ ಜಾಗಕ್ಕೆ. ಅಷ್ಟು ಮಾಡಿದರೆ ಅದು ತನ್ನ ಕೆಲಸ ಪೂರ್ತಿ ಮಾಡಿದ ಹಾಗೆ.

ಕಲಿಯಲೇಬೇಕಾದ ಸೂತ್ರಗಳು

ಘೋಸ್ಟ್ ಬಾಲ್ ಎಲ್ಲಕ್ಕೂ ತಳಪಾಯ. ಪಾಕೆಟ್ಟಿನಿಂದ ಬಣ್ಣದ ಚೆಂಡಿನ ನಡುವಿಗೆ ಗೆರೆ ಎಳೆದು ಹಿಂದಕ್ಕೆ ಮುಂದುವರಿಸಿ. ಆ ಗೆರೆಯ ಮೇಲೆ, ಬಣ್ಣದ ಚೆಂಡಿಗೆ ಅಂಟಿಕೊಂಡು ಇನ್ನೊಂದು ಚೆಂಡು ಇದೆ ಎಂದುಕೊಳ್ಳಿ. ಬಿಳಿ ಚೆಂಡು ಆ ಚೆಂಡಿನ ಜಾಗಕ್ಕೆ ಬಂದು ಸೇರಬೇಕು. ಗುರಿ ಇಡಬೇಕಾದ್ದು ಅದರ ನಡುವಿಗೆ. ಬಟ್ಟೆಯ ಮೇಲೆ ಹೇಳುವುದಾದರೆ, ಬಣ್ಣದ ಚೆಂಡು ಬಟ್ಟೆ ಮುಟ್ಟಿದ ಬಿಂದುವಿನಿಂದ 57 ಮಿ.ಮೀ. ಹಿಂದೆ, ಅಥವಾ ಚೆಂಡಿನ ಹಿಂಬದಿಯ ಅಂಚಿನಿಂದ 28.6 ಮಿ.ಮೀ. ಹಿಂದೆ. 13 ಮಿ.ಮೀ. ಟಿಪ್ ಇದ್ದರೆ ಎರಡು ಟಿಪ್‌ ಅಗಲಕ್ಕಿಂತ ಚೂರು ಹೆಚ್ಚು. ಇಲ್ಲಿ ಆಗುವ ತಪ್ಪು ಯಾವಾಗಲೂ ಒಂದೇ: ಕಲ್ಪಿಸಿಕೊಂಡ ಚೆಂಡು ನಿಜವಾದ ಚೆಂಡಿಗಿಂತ ಚಿಕ್ಕದಾಗುತ್ತದೆ, ಅದರ ನಡು ಬಣ್ಣದ ಚೆಂಡಿಗೆ ಹತ್ತಿರವಾಗುತ್ತದೆ, ಹೊಡೆತ ದಪ್ಪ ತಗುಲುತ್ತದೆ, ಅಂದರೆ ಬೇಕಾದ್ದಕ್ಕಿಂತ ಹೆಚ್ಚು ಭಾಗ ಮುಚ್ಚಿ ತಗುಲುತ್ತದೆ (ಕಡಿಮೆ ಮುಚ್ಚಿದರೆ ತೆಳು). ಅಭ್ಯಾಸದಲ್ಲಿ ನಿಜವಾದ ಚೆಂಡನ್ನೇ ಅಲ್ಲಿಟ್ಟು, ಬಿಳಿ ಚೆಂಡಿನ ಹಿಂದೆ ನಿಂತು ಐದಾರು ಸೆಕೆಂಡು ನೋಡಿ, ತೆಗೆದು, ಕೂಡಲೇ ಹೊಡೆಯಿರಿ.

ಇನ್ನೊಂದು ಸಾಮಾನ್ಯ ಎಡವಟ್ಟು, ಚೆಂಡುಗಳು ಮುಟ್ಟುವ ಬಿಂದುವಿಗೇ ಬಿಳಿ ಚೆಂಡಿನ ನಡುವನ್ನು ಗುರಿಯಿಡುವುದು. 30 ಡಿಗ್ರಿ ಬೇಕಿದ್ದ ಹೊಡೆತ ಹೀಗೆ ಹೊಡೆದರೆ ಸುಮಾರು 14.5 ಡಿಗ್ರಿ ಮಾತ್ರ ಕಟ್ ಆಗುತ್ತದೆ. ಸರಿಪಡಿಸಲು ದುಪ್ಪಟ್ಟಿನ ಲೆಕ್ಕ ಬಳಸಿ. ಗುರಿ ಗೆರೆಯ ಉದ್ದಕ್ಕೂ ನೋಡುವಾಗ ಬಣ್ಣದ ಚೆಂಡಿನ ನಡುವಿನಿಂದ ಮುಟ್ಟುವ ಬಿಂದು ಎಷ್ಟು ಪಕ್ಕಕ್ಕಿದೆಯೋ ಅದರ ಎರಡರಷ್ಟು ಪಕ್ಕಕ್ಕೆ ಗುರಿಯಿಡಿ. ಬಿಂದು 14 ಮಿ.ಮೀ. ಪಕ್ಕದಲ್ಲಿದ್ದರೆ ಗುರಿ 28 ಮಿ.ಮೀ. ಪಕ್ಕಕ್ಕೆ, ಅಂದರೆ ಸರಿಯಾಗಿ ಚೆಂಡಿನ ಅಂಚಿಗೆ. ಸರಳವಾಗಿದೆ, ಪಂದ್ಯದ ಒತ್ತಡದಲ್ಲೂ ನೆನಪಿರುತ್ತದೆ.

ಮೂರನೆಯದು ಭಾಗಗಳ ಲೆಕ್ಕ. ಬಿಳಿ ಚೆಂಡು ಬಣ್ಣದ ಚೆಂಡನ್ನು ಎಷ್ಟು ಭಾಗ ಮುಚ್ಚುತ್ತದೆ ಎನ್ನುವುದರ ಮೇಲೆ ಕೋನ ಗೊತ್ತಾಗುತ್ತದೆ. ಪೂರ್ತಿ ಮುಚ್ಚಿದರೆ 0 ಡಿಗ್ರಿ, ಮುಕ್ಕಾಲು 14.5, ಅರ್ಧ 30, ಕಾಲು 48.6, ಅರೆಕಾಲು 61. ಮುಕ್ಕಾಲಿಗೆ ಗುರಿ ಬಣ್ಣದ ಚೆಂಡಿನ ನಡು ಮತ್ತು ಅಂಚಿನ ಮಧ್ಯಕ್ಕೆ. ಅರ್ಧಕ್ಕೆ ಅಂಚಿಗೆ. ಕಾಲಿಗೆ ಅಂಚಿನಿಂದ 14 ಮಿ.ಮೀ. ಹೊರಗೆ. ಹೊರಗಿನ ಗಾಳಿಗೆ ಗುರಿಯಿಡುವುದು ಕಷ್ಟ ಎನ್ನುವವರು ಬಿಳಿ ಚೆಂಡಿನ ಒಳ ಅಂಚನ್ನು ಬಣ್ಣದ ಚೆಂಡಿನ ನಡು ಮತ್ತು ಅಂಚಿನ ಮಧ್ಯಕ್ಕೆ ಹೊಂದಿಸಲಿ, ಕೋನ ಅದೇ.

ಭಾಗಗಳ ಲೆಕ್ಕ ಒಮ್ಮೆ ಅದ್ಭುತವಾಗಿಯೂ ಒಮ್ಮೆ ಸುಳ್ಳಾಗಿಯೂ ಕಾಣುವುದಕ್ಕೆ ಕಾರಣವಿದೆ. ಪಾಕೆಟ್ 30 ಸೆಂ.ಮೀ. ದೂರದಲ್ಲಿದ್ದಾಗ ಎರಡೂ ಕಡೆ 5 ಡಿಗ್ರಿಗೂ ಹೆಚ್ಚು ಅವಕಾಶವಿದೆ. 0ಯಿಂದ 61 ಡಿಗ್ರಿಯವರೆಗಿನ ಕಟ್‌ಗಳಿಗೆ ಐದಾರು ಗೆರೆ ಸಾಕಾಗುತ್ತವೆ. ಪಾಕೆಟ್ 1 ಮೀಟರ್ ಆಚೆ ಹೋದರೆ ಅದೇ ಹರವಿಗೆ ಹದಿನೆಂಟು ಹತ್ತೊಂಬತ್ತು ಬೇರೆ ಬೇರೆ ಗೆರೆ ಬೇಕು. ಐದು ಗೆರೆಯ ಸೂತ್ರ ಅಲ್ಲಿ ಸಾಲುವುದಿಲ್ಲ, ನಡುವಿನ ತೆರಪನ್ನು ಕಣ್ಣಳತೆಯೇ ತುಂಬಬೇಕು.

ಹ್ಯಾಲ್ ಹೌಲ್ ಹೇಳಿಕೊಡುತ್ತಿದ್ದ, ಸ್ಟ್ಯಾನ್ ಶಫೆಟ್ ಬೆಳೆಸಿದ ಸಿ.ಟಿ.ಇ. ಎಂಬ ‘ಸೆಂಟರ್ ಟು ಎಡ್ಜ್’ ಪದ್ಧತಿ ಬಗ್ಗೆ ವಾದ ಬಹಳ. ಬಿಳಿ ಚೆಂಡಿನ ನಡುವಿನಿಂದ ಬಣ್ಣದ ಚೆಂಡಿನ ಅಂಚಿಗೆ ಒಂದು ನೋಟ, ಜೊತೆಗೆ ಇನ್ನೊಂದು ನೋಟ, ಆಮೇಲೆ ಸಣ್ಣ ತಿರುವು: ಇದು ಅದರ ಅಸ್ಥಿಪಂಜರ. ನಮ್ಮ ಲೆಕ್ಕದಲ್ಲಿ ಅದರ ದೊಡ್ಡ ಲಾಭ ಶಿಸ್ತು. ಪ್ರತಿ ಹೊಡೆತವನ್ನೂ ಒಂದೇ ಕ್ರಮದಲ್ಲಿ ನೋಡಿಸುತ್ತದೆ, ಅವಸರದಲ್ಲಿ ಬಾಗಲು ಬಿಡುವುದಿಲ್ಲ. ಕೆಲವೇ ನೋಟಗಳಿಂದ ಎಲ್ಲ ಕೋನವೂ ತಾನಾಗಿ ಸಿಗುತ್ತದೆ ಎಂಬ ಮಾತನ್ನು ಮಾತ್ರ ಮೇಲಿನ ಲೆಕ್ಕ ಒಪ್ಪುವುದಿಲ್ಲ. ಆರಂಭದವರು ಇದರಿಂದ ಶುರುಮಾಡುವುದು ಬೇಡ.

30 ಡಿಗ್ರಿಯನ್ನು ಅಳತೆಪಟ್ಟಿ ಇಲ್ಲದೆ ಇಡುವುದು

ಒಂದೇ ಕೋನವನ್ನು ಕಣ್ಣಿಗೆ ಅಚ್ಚೊತ್ತಬೇಕಿದ್ದರೆ ಅದು ಅರ್ಧ ಚೆಂಡಿನದು. ಅದರಿಂದ ದಪ್ಪವೇ, ತೆಳುವೇ ಎಂದು ಉಳಿದೆಲ್ಲವನ್ನೂ ಅಳೆಯಬಹುದು. ಅದನ್ನು ಮೂರು ಚೆಂಡಿನಿಂದ ಕರಾರುವಾಕ್ಕಾಗಿ ಹೀಗೆ ಇಡಬಹುದು:

1. ಬಣ್ಣದ ಚೆಂಡಿಟ್ಟು, ಪಾಕೆಟ್ ಗೆರೆಯ ಮೇಲೆ ಅದರ ಹಿಂದೆ ಎರಡನೇ ಚೆಂಡನ್ನು ಅಂಟಿಸಿ ಇಡಿ. ಇದು ಘೋಸ್ಟ್ ಬಾಲ್.
2. ಇವೆರಡಕ್ಕೂ ತಾಗುವಂತೆ ಪಕ್ಕದಲ್ಲಿ ಮೂರನೇ ಚೆಂಡು ಇಡಿ. ಮೂರೂ ಸೇರಿ ಸಮಭುಜ ತ್ರಿಕೋನವಾಗುತ್ತದೆ.
3. ಬಣ್ಣದ ಚೆಂಡೂ ಮೂರನೇ ಚೆಂಡೂ ಪರಸ್ಪರ ಮುಟ್ಟಿದ ಬಿಂದುವಿನಿಂದ ಘೋಸ್ಟ್ ಬಾಲಿನ ನಡುವಿನ ಮೂಲಕ ಹಿಂದಕ್ಕೆ ಗೆರೆ ಹಿಡಿಯಿರಿ. ಕ್ಯೂವನ್ನು ಮೇಲೆ ಹಿಡಿದು ನೋಡಿದರೆ ಸುಲಭ.
4. ಆ ಗೆರೆಯ ಮೇಲೆ ಬಿಳಿ ಚೆಂಡಿಟ್ಟು, ಘೋಸ್ಟ್ ಬಾಲನ್ನೂ ಮೂರನೇ ಚೆಂಡನ್ನೂ ತೆಗೆಯಿರಿ.

ಈಗ ಬಿಳಿ ಚೆಂಡಿನ ನಡು ಬಣ್ಣದ ಚೆಂಡಿನ ಅಂಚಿಗೆ ಸರಿಯಾಗಿ ನೋಡುತ್ತಿರುತ್ತದೆ. ಬಿಳಿ ಚೆಂಡನ್ನು ಇದೇ ಗೆರೆಯ ಮೇಲೆ 30, 60, 100 ಸೆಂ.ಮೀ.ಗಳಲ್ಲಿ ಇಟ್ಟು ಹೊಡೆಯಿರಿ. ಕೋನ ಬದಲಾಗದು, ನೋಟ ಮಾತ್ರ ಬದಲಾಗುತ್ತದೆ. ಆಮೇಲೆ ಮೂರನೇ ಚೆಂಡನ್ನು ಇನ್ನೊಂದು ಪಕ್ಕಕ್ಕಿಟ್ಟು ಎಡ–ಬಲ ಎರಡೂ ಕಟ್ ಮಾಡಿ. ಹೆಚ್ಚಿನವರಿಗೆ ಒಂದು ಕಡೆಯ ಕಟ್ ಇನ್ನೊಂದಕ್ಕಿಂತ ದುರ್ಬಲ, ಬಹುತೇಕ ಅದು ತಲೆಯ ಜಾಗದ ದೋಷ.

ಹತ್ತಿರದ ಚೆಂಡು ಯಾಕೆ ದಪ್ಪ ತಗುಲುತ್ತದೆ

ಕಟ್ ಕೋನ ಅಂದರೆ ಗುರಿ ಗೆರೆಗೂ ಪಾಕೆಟ್ ಗೆರೆಗೂ ನಡುವಿನ ಕೋನ. ಆದರೆ ಕಣ್ಣು ತಾನಾಗಿ ಅಳೆಯುವುದು ಒಂದು ಚೆಂಡಿನ ನಡುವಿನಿಂದ ಇನ್ನೊಂದರ ನಡುವಿಗೆ ಹೋಗುವ ಗೆರೆಯಿಂದ. ದೂರದಲ್ಲಿ ಇವೆರಡಕ್ಕೂ ವ್ಯತ್ಯಾಸ ಕಡಿಮೆ. ಅರ್ಧ ಚೆಂಡಿನ ಹೊಡೆತದಲ್ಲಿ 1 ಮೀಟರ್ ಅಂತರಕ್ಕೆ 1.6 ಡಿಗ್ರಿ. ಅದೇ ಎರಡು ನಡುಗಳ ಅಂತರ 15 ಸೆಂ.ಮೀ. ಆದಾಗ ವ್ಯತ್ಯಾಸ 11 ಡಿಗ್ರಿ. ನಿಜವಾಗಿ 30 ಡಿಗ್ರಿ ಇರುವ ಕಟ್ 19 ಡಿಗ್ರಿಯಂತೆ ಕಾಣುತ್ತದೆ, ಆಡುವವರು ಮುಕ್ಕಾಲು ಚೆಂಡಿನ ಹೊಡೆತವೆಂದು ತಿಳಿದು ದಪ್ಪ ಹೊಡೆಯುತ್ತಾರೆ. ‘ಇಷ್ಟು ಹತ್ತಿರದ್ದು ಹೇಗೆ ತಪ್ಪಿತು’ ಎನ್ನುವ ಹೊಡೆತಗಳಲ್ಲಿ ದೊಡ್ಡ ಪಾಲು ಇದರದ್ದೇ. ಕೈಯಳತೆಗೆ ಬರುವ ಚೆಂಡೆಂದು ಸೂತ್ರ ಬಿಟ್ಟು ಹೊಡೆಯುವ ಇಂಥ ಕಡೆಯೇ ಘೋಸ್ಟ್ ಬಾಲಿನ ಜಾಗವನ್ನು ಬಟ್ಟೆಯ ಮೇಲೆ ಗುರುತಿಸಿ ಹೊಡೆಯಬೇಕು.

ಥ್ರೋ: ರೇಖಾಗಣಿತ ಹೇಳದ ಮಾತು

ಮೇಲಿನ ಎಲ್ಲ ಸೂತ್ರಗಳೂ ಚೆಂಡುಗಳ ನಡುವೆ ಘರ್ಷಣೆ ಇಲ್ಲವೆಂದು ಭಾವಿಸುತ್ತವೆ. ನಿಜದಲ್ಲಿ ಬಿಳಿ ಚೆಂಡು ಬಣ್ಣದ ಚೆಂಡಿನ ಮೈಯನ್ನು ಪಕ್ಕಕ್ಕೆ ಉಜ್ಜಿಕೊಂಡು ಹೋಗುತ್ತದೆ, ಬಣ್ಣದ ಚೆಂಡನ್ನೂ ತಾನು ಹೋಗುವ ಕಡೆಗೆ ಚೂರು ಎಳೆಯುತ್ತದೆ. ಇದು ಥ್ರೋ. ಇದರಿಂದ ಸೈಡ್ ಸ್ಪಿನ್ ಇಲ್ಲದ ಹೊಡೆತ ಯಾವಾಗಲೂ ದಪ್ಪ ತಗುಲಿದಂತೆ ಆಗುತ್ತದೆ, ತೆಳುವಾಗಿ ಅಲ್ಲ. ಅರ್ಧ ಚೆಂಡಿನ ಆಸುಪಾಸಿನ ಕಟ್, ನಿಧಾನ ವೇಗ, ಬಿಳಿ ಚೆಂಡು ಉರುಳದೆ ಜಾರುತ್ತ ತಗುಲುವ ಸ್ಟನ್ ಹೊಡೆತ, ಈ ಮೂರೂ ಸೇರಿದಾಗ ಥ್ರೋ ಅತಿ ಹೆಚ್ಚು. ಬರೀ 3 ಡಿಗ್ರಿ ಎಂದುಕೊಂಡರೂ 1 ಮೀಟರಿನಲ್ಲಿ 52 ಮಿ.ಮೀ. ಸರಿತ, ಇರುವ ಅವಕಾಶ 28.6. ಸರಿಯಾದ ಗೆರೆಯಲ್ಲಿ ಹೊಡೆದೂ ಚೆಂಡು ಪಾಕೆಟ್ಟಿನ ದವಡೆಗೆ ಬಡಿದು ಹೊರಬರುತ್ತದೆ, ಸೂತ್ರಕ್ಕೆ ಕೆಟ್ಟ ಹೆಸರು ಬರುತ್ತದೆ.

ಥ್ರೋ ತಗ್ಗಿಸಲು ಬಿಳಿ ಚೆಂಡು ಫಾಲೋದಲ್ಲಿ ಉರುಳುತ್ತ ಅಥವಾ ಡ್ರಾದಲ್ಲಿ ಹಿಮ್ಮುಖ ತಿರುಗುತ್ತ ತಗುಲುವಂತೆ ಹೊಡೆಯಿರಿ, ಇಲ್ಲವೇ ವೇಗ ಹೆಚ್ಚಿಸಿ. ನಿಧಾನ ಸ್ಟನ್ ಬೇಕೇಬೇಕು ಅಂದಾಗ ಒಂದೆರಡು ಮಿ.ಮೀ. ತೆಳು ಗುರಿಯಿಡಿ. ಹೊರ ಸೈಡ್ ಕೊಟ್ಟರೆ, ಅಂದರೆ ಎಡಕ್ಕೆ ಕಟ್ ಮಾಡುವಾಗ ಬಲ ಸೈಡ್, ಬಲಕ್ಕೆ ಮಾಡುವಾಗ ಎಡ ಸೈಡ್, ಥ್ರೋವನ್ನು ಪೂರ್ತಿ ಅಳಿಸಬಹುದು. 30 ಡಿಗ್ರಿ ಕಟ್‌ಗೆ ಅದಕ್ಕೆ ಬೇಕಾದ್ದು ಬಿಳಿ ಚೆಂಡಿನ ನಡುವಿನಿಂದ 5.7 ಮಿ.ಮೀ. ಸರಿತ, ಅರ್ಧ ಟಿಪ್‌ಗಿಂತ ಕಡಿಮೆ. ಆಗ ಎರಡು ಚೆಂಡುಗಳ ಮೈ ಹಲ್ಲುಚಕ್ರಗಳ ಹಾಗೆ ಒಂದರ ಮೇಲೊಂದು ಉರುಳುತ್ತವೆ, ಉಜ್ಜುವುದಿಲ್ಲ. ಆದರೆ ಸೈಡ್ ಕೊಟ್ಟಾಗ ಬಿಳಿ ಚೆಂಡು ಕ್ಯೂವಿನ ಗೆರೆ ಬಿಟ್ಟು ಎದುರು ಪಕ್ಕಕ್ಕೆ ಸರಿಯುತ್ತದೆ, ಎಷ್ಟು ಎನ್ನುವುದು ಆ ಕ್ಯೂವಿನ ಮೇಲೆ ನಿಂತಿದೆ. ಆದ್ದರಿಂದ ಇದನ್ನು ಬಿಳಿ ಚೆಂಡು ಹತ್ತಿರವಿರುವ ಹೊಡೆತದಲ್ಲಿ ಮೊದಲು ಕಲಿಯಿರಿ.

ಕಣ್ಣಳತೆ ಬೆಳೆಸುವುದು

ಕಣ್ಣಳತೆ ಹುಟ್ಟಿನಿಂದ ಬರುವುದಲ್ಲ. ಒಂದು ನೋಟ, ಒಂದು ಹೊಡೆತ, ಅದರ ಫಲ, ಇವು ಕಲೆಯದೆ ಒಂದಕ್ಕೊಂದು ಜೋಡಿಸಿಕೊಂಡರೆ ಅದು ಬೆಳೆಯುತ್ತದೆ. ಹೊಡೆದ ಕೂಡಲೇ ಎದ್ದುಬಿಡುವವರಿಗೆ ಫಲ ಕಾಣುವುದಿಲ್ಲ. ಚೆಂಡು ಪಾಕೆಟ್ ಸೇರುವವರೆಗೂ ಬಾಗಿಯೇ ಇರಿ, ಟಿಪ್ ಎಲ್ಲಿ ನಿಂತಿತು ನೋಡಿ. ಅದು ಗೆರೆಯ ಮೇಲಿದ್ದೂ ಚೆಂಡು ತಪ್ಪಿದರೆ ಗುರಿ ತಪ್ಪು. ಟಿಪ್ ಪಕ್ಕಕ್ಕೆ ಹೋಗಿದ್ದರೆ ಆ ಹೊಡೆತದಿಂದ ಗುರಿಯ ಬಗ್ಗೆ ಏನನ್ನೂ ಕಲಿಯಬೇಡಿ. ತಪ್ಪಿದಾಗ ‘ದಪ್ಪ’ ಅಥವಾ ‘ತೆಳು’ ಎಂದು ಬಾಯಿಬಿಟ್ಟು ಹೇಳಿ. ಬರೀ ‘ಛೆ’ ಎಂದರೆ ತಿದ್ದಿಕೊಳ್ಳಲು ಏನೂ ಉಳಿಯುವುದಿಲ್ಲ.

ಮುಕ್ಕಾಲು ಗಂಟೆ ಇದ್ದರೆ 10 ನಿಮಿಷ ನೇರ ಹೊಡೆತ, 20 ನಿಮಿಷ ಉಂಗುರ ಅಂಟಿಸಿದ ಮೂರು ಕೋನ, ಉಳಿದ 15 ನಿಮಿಷ ಚೆಂಡುಗಳನ್ನು ಚೆಲ್ಲಿ ಯಾವ ಸೂತ್ರವೂ ಇಲ್ಲದೆ ಆಡಿ. ಆ ಕೊನೆಯ ಭಾಗದಲ್ಲಿ ಮತ್ತೆ ಮತ್ತೆ ತಪ್ಪಿದ ಕೋನವನ್ನೇ ಮರುದಿನ ಉಂಗುರ ಅಂಟಿಸಿ ಇಡಿ. ಒಂದೇ ಜಾಗದಿಂದ ಮೂವತ್ತು ಸಲ ಸತತ ಹೊಡೆಯುವುದಕ್ಕಿಂತ ಮೂರು ಹೊಡೆತಕ್ಕೊಮ್ಮೆ ಕೋನ ಬದಲಿಸಿ. ಪಂದ್ಯದಲ್ಲಿ ಎರಡನೇ ಅವಕಾಶ ಸಿಗುವುದಿಲ್ಲ, ಮೊದಲ ನೋಟವೇ ಪಳಗಬೇಕು.

ಒಂದು ಹೊಡೆತದ ಕ್ರಮ

ಬಣ್ಣದ ಚೆಂಡಿನ ಹಿಂದೆ ನಿಂತು ಪಾಕೆಟ್ ಗೆರೆ ನೋಡಿ. ಬಿಳಿ ಚೆಂಡಿನ ಹಿಂದೆ ಬಂದು ನಿಮ್ಮ ಸೂತ್ರದಿಂದ ಗುರಿ ಬಿಂದು ಹುಡುಕಿ. ಥ್ರೋ ಲೆಕ್ಕ, ವೇಗ, ಸ್ಪಿನ್ ಎಲ್ಲವೂ ಇಲ್ಲೇ, ನಿಂತೇ ತೀರ್ಮಾನವಾಗಬೇಕು. ಬಿಂದುವಿನಿಂದ ಕಣ್ಣು ಕೀಳದೆ ಹಿಂಗಾಲನ್ನು ಗೆರೆಯ ಮೇಲಿಟ್ಟು, ಗೆರೆಯ ಉದ್ದಕ್ಕೇ ಬಾಗಿ. ಪಕ್ಕದಿಂದ ಬಾಗಿ ಆಮೇಲೆ ಕ್ಯೂ ತಿರುಗಿಸಿ ಹೊಂದಿಸಿಕೊಂಡರೆ ನಿಂತು ಕಂಡ ಗೆರೆ ಅಷ್ಟರಲ್ಲೇ ಕೈತಪ್ಪಿರುತ್ತದೆ.

ಬಾಗಿದ ಮೇಲೆ ಮೂರು ನಾಲ್ಕು ಅಭ್ಯಾಸದ ಸ್ಟ್ರೋಕ್, ಕಣ್ಣು ಬಿಳಿ ಚೆಂಡಿಗೂ ಬಣ್ಣದ ಚೆಂಡಿಗೂ ಓಡಾಡಲಿ. ಇಲ್ಲಿ ಭಾಗ, ಡಿಗ್ರಿ ಎಣಿಸಬೇಡಿ. ನೋಟ ಸರಿ ಅನ್ನಿಸುತ್ತದೆಯೇ, ಇಲ್ಲವೇ ಅಷ್ಟೇ. ಸರಿ ಅನ್ನಿಸದಿದ್ದರೆ ಎದ್ದು ಮೊದಲಿಂದ ಶುರುಮಾಡಿ. ಬಾಗಿದ್ದಂತೆಯೇ ಮಣಿಕಟ್ಟಿನಿಂದ ಚೂರು ತಿರುಗಿಸಿ ‘ಸರಿಮಾಡಿ’ ಹೊಡೆಯುವುದು ಈ ಆಟದ ಅತಿ ದುಬಾರಿ ಚಾಳಿ: ಚೆಂಡು ಬಿದ್ದರೂ ಯಾಕೆ ಬಿತ್ತೆಂದು ಗೊತ್ತಾಗದು, ತಪ್ಪಿದರೂ ಅಷ್ಟೇ. ಕೊನೆಯ ಸ್ಟ್ರೋಕಿಗೆ ಮುಂಚೆ ಕಣ್ಣು ಬಣ್ಣದ ಚೆಂಡಿನ ಒಂದೇ ಬಿಂದುವಿನಲ್ಲಿ ನೆಲೆನಿಲ್ಲಲಿ. ಕ್ಯಾಲ್ಗರಿ ವಿಶ್ವವಿದ್ಯಾಲಯದ ಜೋನ್ ವಿಕರ್ಸ್ ಇದನ್ನು ‘ಕ್ವಯಟ್ ಐ’ ಎಂದು ಕರೆದರು. ಪಳಗಿದ ಆಟಗಾರರ ನೋಟ ಹೊಡೆತಕ್ಕೆ ಮುಂಚೆ ಹೊಸಬರಿಗಿಂತ ಹೆಚ್ಚು ಹೊತ್ತು ಒಂದೆಡೆ ನಿಂತಿರುತ್ತದೆ.

ಪಾಕೆಟ್ ನಿಮ್ಮ ನೋಟದ ಹಿಂದೆ ಬೀಳುವ ಬ್ಯಾಕ್ ಕಟ್, ಉದ್ದನೆಯ ತೆಳು ಕಟ್, ಬಹಳ ಹೊತ್ತು ಕೂತು ಎದ್ದ ಮೇಲಿನ ಮೊದಲ ಹೊಡೆತ, ಇಲ್ಲೆಲ್ಲ ನಿಂತು ನೋಡುವ ಭಾಗಕ್ಕೆ ಹೆಚ್ಚು ಸಮಯ ಕೊಡಿ. ಕೈ ಕೂಡಿಬಂದು ಸಾಲಾಗಿ ಚೆಂಡು ಬೀಳುತ್ತಿರುವಾಗ ಸೂತ್ರ ತಾನಾಗಿ ಹಿನ್ನೆಲೆಗೆ ಸರಿದರೆ ಅದನ್ನು ಎಳೆದು ತರಬೇಡಿ, ಕ್ರಮ ಮಾತ್ರ ಬಿಡಬೇಡಿ.

ಹೊಸ ಟೇಬಲ್ಲಿಗೆ ಹೋದಾಗ ಆಟಕ್ಕೆ ಮುಂಚೆ ಮೂರು ಚೆಂಡಿನ 30 ಡಿಗ್ರಿ ಹೊಡೆತವನ್ನು ಪಾಕೆಟ್ಟಿನಿಂದ 1 ಮೀಟರ್ ದೂರದಲ್ಲಿಟ್ಟು ಎರಡು ಥರ ಹೊಡೆಯಿರಿ: ಒಮ್ಮೆ ಗಟ್ಟಿಯಾಗಿ ಫಾಲೋದಲ್ಲಿ, ಒಮ್ಮೆ ನಿಧಾನ ಸ್ಟನ್‌ನಲ್ಲಿ. ಎರಡೂ ಹೊಡೆತ ತಲುಪಿದ ಜಾಗಗಳ ನಡುವಿನ ಅಂತರ ಅಲ್ಲಿನ ಥ್ರೋ ಎಷ್ಟೆಂದು ತೋರಿಸುತ್ತದೆ. ಚೆಂಡುಗಳು ತೊಳೆದು ಹೊಳಪು ಕೊಟ್ಟವಾದರೆ ಅಂತರ ಚಿಕ್ಕದು, ಕೊಳೆಯೂ ಚಾಕೂ ಹಿಡಿದವಾದರೆ ದೊಡ್ಡದು. ಕೊಳೆ ಚೆಂಡಿಗೆ ಪಳಗಿದ ಕಣ್ಣು ಹೊಸ ಚೆಂಡಿನಲ್ಲಿ ತೆಳು ಹೊಡೆಯುತ್ತದೆ. ಅಂಥ ದಿನ ಮೊದಲ ಕೆಲವು ಹೊಡೆತ ಚೂರು ದಪ್ಪವಾಗಿಯೇ ಗುರಿಯಿಡಿ. ಗುರಿ ಚೆನ್ನಾಗಿದ್ದೂ ಮಧ್ಯದಲ್ಲೊಂದು ಹೊಡೆತ ಇದ್ದಕ್ಕಿದ್ದಂತೆ ಬಹಳ ದಪ್ಪವಾದರೆ ತಿದ್ದಿಕೊಳ್ಳುವ ಮುಂಚೆ ಬಿಳಿ ಚೆಂಡು ನೋಡಿ. ಮುಟ್ಟಿದ ಜಾಗಕ್ಕೆ ಚಾಕಿನ ಚುಕ್ಕೆ ಬಂದು ಸೇರಿರಬಹುದು. ನಿಯಮ ಒಪ್ಪುವ ಹೊತ್ತಿನಲ್ಲಿ ಅದನ್ನು ಒರೆಸಿ, ಗುರಿ ಬದಲಿಸಬೇಡಿ.